ಬೀಸ್ಟ್ ಫೀಸ್ಟಿನ ಪಂಕ್ತಿಯಲ್ಲಿ

ಫೆಬ್ರವರಿ ಬಂತೆಂದರೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಚರ್ಚುಗಳ ಮುಂದಿನ ಬೋರ್ಡುಗಳ ಧಾಟಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ನರಕದ ಕಾವನ್ನೋ ಸ್ವರ್ಗದ ತಂಪನ್ನೋ ನೆನಪಿಸುತ್ತಿದ್ದ ಅದೇ ಕಪ್ಪು ಅಕ್ಷರಗಳು ಈಗ 'ಶನಿವಾರ ಸಂಜೆ ಬೀಸ್ಟ್ ಫೀಸ್ಟ್, ಹಸಿದುಕೊಂಡು ಬನ್ನಿ' ಎನ್ನತೊಡಗುತ್ತವೆ. ಬೇಟೆಯಾಡಿ ತಂದ ಪ್ರಾಣಿಗಳ ಸಾಮೂಹಿಕ ಊಟ ಅದು. ವೈಲ್ಡ್ ಗೇಮ್ ಡಿನ್ನರ್ ಎಂಬ ಮರ್ಯಾದಸ್ಥ ಹೆಸರೂ ಕೆಲವು ಕಡೆ ಇದೆ. ಮಾಡುವವರು ಬಹುಪಾಲು ಬ್ಯಾಪ್ಟಿಸ್ಟರು: ಬೈಬಲ್ಲಿನ ಅಕ್ಷರ ಅಕ್ಷರವೂ ದೇವರದೇ ಎಂದು ನಂಬುವ, ತಾವು ಎರಡನೆಯ ಸಲ ಹುಟ್ಟಿದವರೆಂದು ಹೇಳಿಕೊಳ್ಳುವ, ಸಿಕ್ಕವರಿಗೆಲ್ಲ ಯೇಸುವಿನ ಸುದ್ದಿ ಹೇಳದಿದ್ದರೆ ಉಂಡದ್ದು ಅರಗದ ಇವ್ಯಾಂಜೆಲಿಕಲ್ ಜನ.

ನಾನಿರುವ ನಾರ್ತ್ ಕೆರೊಲಿನಾದಲ್ಲಿ ಕೋವಿ ಹಿಡಿದು ಜಿಂಕೆ ಹೊಡೆಯುವ ಕಾಲ ಹೊಸ ವರ್ಷದ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಎಲ್ಲರ ಗ್ಯಾರೇಜಿನ ಫ್ರೀಜರುಗಳೂ ತುಂಬಿರುತ್ತವೆ. ಹಸಿಗೆ ಮಾಡಿ ಬಿಳಿ ಕಾಗದದಲ್ಲಿ ಸುತ್ತಿ, ಮೇಲೆ ಪೆನ್ನಿನಲ್ಲಿ 'ತೊಡೆ', 'ಕೈಮ' ಎಂದು ಬರೆದಿಟ್ಟ ಪೊಟ್ಟಣಗಳು. ಅದನ್ನು ಮಾರುವ ಹಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪೇಟೆಯ ಹೋಟೆಲುಗಳಿಗಾಗಿ ಹೊಡೆದೂ ಹೊಡೆದೂ ಕಾಡು ಬರಿದು ಮಾಡಿಕೊಂಡ ದೇಶ ಇದು. ಆಕಾಶ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳಗಳಲ್ಲಿ ಕೊನೆಯದು 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. 1900ರ ಲೇಸಿ ಕಾಯಿದೆ ಮತ್ತು ಒಂದೊಂದಾಗಿ ಬಂದ ರಾಜ್ಯಗಳ ಕಾನೂನುಗಳು ಕಾಡುಮಾಂಸದ ವ್ಯಾಪಾರವನ್ನು ನಿಲ್ಲಿಸಿದವು. ಹೀಗಾಗಿ ದೊಡ್ಡ ಹೋಟೆಲಿನಲ್ಲಿ ಬೆಲೆ ಕೊಟ್ಟು ತಿನ್ನುವ ಜಿಂಕೆ ಮಾಂಸ ಸಾಕಿದ್ದು, ಎಷ್ಟೋ ಸಲ ನ್ಯೂಜಿಲೆಂಡಿನಿಂದ ಬಂದದ್ದು. ಇಲ್ಲಿನ ಕಾಡಿನ ಜಿಂಕೆಯನ್ನು ತಿನ್ನಬೇಕೆಂದರೆ ಬೇಟೆಗಾರನ ನೆಂಟನಾಗಬೇಕು, ಇಲ್ಲವೇ ಚರ್ಚಿನ ಅತಿಥಿಯಾಗಬೇಕು. ನೆಂಟಸ್ತಿಕೆ ಕಷ್ಟ. ಪಕ್ಕದ ಮನೆಯ ಹಿರಿಯರು ಅವರ ಚರ್ಚಿನಲ್ಲಿ ಡೀಕನ್, ಅಂದರೆ ಪಾಸ್ಟರಿಗೆ ನೆರವಾಗುವ ಮುಖಂಡರು. ಕರೆದರು, ಹೋದೆ. ವಿರಾಜಪೇಟೆಯ ಕಡೆಯ ಗೆಳೆಯನೊಬ್ಬ, ಇಲ್ಲಿ ಕಂಪ್ಯೂಟರ್ ಕೆಲಸದವನು, 'ಹಂದಿ ಇದ್ದರೆ ನಾನೂ ಬರ್ತೀನಿ' ಎಂದು ಜೊತೆಯಾದ.

ಚರ್ಚಿನ ಹಿಂದಿನ ದೊಡ್ಡ ಹಾಲು. ಗೋಡೆಯುದ್ದಕ್ಕೂ ಅವರವರ ಮನೆಯಿಂದ ಕಳಚಿ ತಂದ ಜಿಂಕೆಯ ತಲೆಗಳು. ಇಬ್ಬರು ಹಿರಿಯರು ಕನ್ನಡಕ ಏರಿಸಿ, ದರ್ಜಿಯ ಟೇಪಿನಲ್ಲಿ ಕೊಂಬುಗಳ ಕವಲು ಕವಲನ್ನೂ ಅಳೆದು ಚೀಟಿಯಲ್ಲಿ ಬರೆಯುತ್ತಿದ್ದರು. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ಲೆಕ್ಕ ಅದು. ಎಲ್ಲ ಅಳತೆಗಳೂ ಕೂಡಿ 170 ಅಂಗುಲ ದಾಟಿದರೆ ದೇಶದ ದಾಖಲೆ ಪುಸ್ತಕದಲ್ಲಿ ಜಾಗ. ಆ ಹಾಲಿನಲ್ಲಿ ಯಾರದೂ ಅದರ ಹತ್ತಿರಕ್ಕೂ ಸುಳಿಯಲಿಲ್ಲವೆಂದು ಕಾಣುತ್ತದೆ, ಅಳೆಯುವವರ ಗಾಂಭೀರ್ಯ ಮಾತ್ರ ಕಿಂಚಿತ್ತೂ ಕುಗ್ಗಲಿಲ್ಲ.

ಊಟದ ವಿಷಯಕ್ಕೆ ನಿಧಾನವಾಗಿ ಬರೋಣ. ಉದ್ದನೆಯ ಮೇಜುಗಳ ಮೇಲೆ ಸಾಲಾಗಿ ವಿದ್ಯುತ್ ಪಾತ್ರೆಗಳು, ಪ್ರತಿಯೊಂದರ ಮುಂದೂ ಪ್ರಾಣಿಯ ಹೆಸರಿನ ಚೀಟಿ. ಜಿಂಕೆಯ ಚಿಲ್ಲಿ. ಕರಾವಳಿ ಕಡೆಯಿಂದ ಬಂದ ಕರಡಿಯ ರೋಸ್ಟ್. ಹಗ್ಗದಂಥ ನಾರು, ಆದರೆ ಕೊಬ್ಬಿನಲ್ಲಿ ಒಂದು ಬಗೆಯ ಸಿಹಿ. ಬೆಳವದ ಎದೆಮಾಂಸಕ್ಕೆ ಹಸಿಮೆಣಸಿನಕಾಯಿಯ ತುಂಡಿಟ್ಟು, ಹಂದಿಯ ಪಟ್ಟಿ ಸುತ್ತಿ ಕೆಂಡದ ಮೇಲೆ ಸುಟ್ಟದ್ದು: ಬಾಯಿಗಿಟ್ಟರೆ ಎರಡೇ ತುತ್ತು, ಹಲ್ಲಿಗೆ ಒಮ್ಮೊಮ್ಮೆ ಸಾಸಿವೆಯಷ್ಟು ಸೀಸದ ಗುಂಡು ಸಿಕ್ಕಿ ಟಕ್ ಎನ್ನುತ್ತದೆ. ಅದನ್ನು ತಟ್ಟೆಯಂಚಿಗೆ ಉಗುಳಿ ಮುಂದುವರಿಯುವುದು ಇಲ್ಲಿನ ಶಿಷ್ಟಾಚಾರ. ಆಮೇಲೆ ಬ್ರನ್ಸ್‌ವಿಕ್ ಸ್ಟ್ಯೂ. ಇದು ತಮ್ಮಲ್ಲೇ ಹುಟ್ಟಿತೆಂದು ವರ್ಜೀನಿಯಾದ ಬ್ರನ್ಸ್‌ವಿಕ್ ಜಿಲ್ಲೆಯವರೂ ಜಾರ್ಜಿಯಾದ ಬ್ರನ್ಸ್‌ವಿಕ್ ಪಟ್ಟಣದವರೂ ಜಗಳವಾಡುತ್ತಾರೆ. ನಡುವೆ ಇರುವ ನಾವು ಸುಮ್ಮನೆ ತಿನ್ನುತ್ತೇವೆ. ಟೊಮೆಟೊ, ಜೋಳ, ಅವರೆಯ ಜಾತಿಯ ಒಂದು ಕಾಳು. ಈಗ ಎಲ್ಲರೂ ಕೋಳಿ ಹಾಕುತ್ತಾರೆ. ಹಳೆಯ ಪದ್ಧತಿಯಲ್ಲಿ ಹಾಕಬೇಕಾದ್ದು ಅಳಿಲು. ಆ ದಿನ ಹಳೆಯ ಪದ್ಧತಿಯೇ ನಡೆದಿತ್ತು. ಅದರ ಪಕ್ಕದ ಪಾತ್ರೆಯಲ್ಲಿ ಮೊಲ. ನಾನು ಎರಡನ್ನೂ ಹಾಕಿಸಿಕೊಂಡೆ. ಅಳಿಲಿನ ಬಗ್ಗೆ ಊರಿನವರಿಗೆ ಬರೆಯುವಾಗ ಸ್ವಲ್ಪ ಸಂಕೋಚವಾಗುತ್ತದೆ, ಅದರ ಬೆನ್ನಿನ ಮೇಲೆ ರಾಮನ ಬೆರಳಚ್ಚು ಇದೆಯಲ್ಲ. ಇಲ್ಲಿನ ಅಳಿಲಿನ ಬೆನ್ನು ಬೋಳುಬೂದಿ ಬಣ್ಣ, ಗೆರೆಗಿರೆ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎಲ್ಲರ ತಟ್ಟೆಯೂ ಖಾಲಿಯಾದ ಮೇಲೆ ಪಾಸ್ಟರ್ ಎದ್ದು ಮೈಕು ಹಿಡಿದರು. 'ನಾವು ಜೋಳ ಚೆಲ್ಲಿದೆವು, ನೀವು ಬಂದಿರಿ, ಇನ್ನು ಮರೆ ಮಾಡುವುದೇನಿದೆ' ಎಂದರು. ಹಾಲು ಗೊಳ್ಳೆಂದು ನಕ್ಕಿತು. ಜಿಂಕೆಯ ದಾರಿಯಲ್ಲಿ ಜೋಳ ಸುರಿದು, ಮಚಾನಿನ ಮೇಲೆ ಕಾಯುವುದು ಅಲ್ಲಿ ಕೂತಿದ್ದವರಿಗೆಲ್ಲ ಗೊತ್ತಿರುವ ವಿದ್ಯೆ. ಆಮೇಲೆ ಬೇಟೆಯ ಟಿವಿ ಕಾರ್ಯಕ್ರಮಗಳಲ್ಲಿ ಕಾಣಿಸಿಕೊಳ್ಳುವ ಒಬ್ಬ ಭಾಷಣಕಾರ ಒಂದು ದೊಡ್ಡ ಗಂಡು ಜಿಂಕೆಯ ಕತೆ ಶುರು ಮಾಡಿದ: ಮಂಜು, ಗಾಳಿಯ ದಿಕ್ಕು, ಕಾಲಿನ ಕೆಳಗೆ ಮುರಿದ ಕಡ್ಡಿ. ಒಳ್ಳೆಯ ಕತೆಗಾರ. ಜಿಂಕೆ ಈಡಿಗೆ ಸಿಗುವ ಕ್ಷಣಕ್ಕೆ ಸರಿಯಾಗಿ ಅವನ ಕುಡಿತ, ಮುರಿದ ಸಂಸಾರ, ಮಚಾನಿನ ಮೇಲೆಯೇ ಅತ್ತು ಯೇಸುವನ್ನು ಒಪ್ಪಿಕೊಂಡದ್ದು ಬಂತು. ಜಿಂಕೆ ಏನಾಯಿತೆಂದು ಹೇಳಲೇ ಇಲ್ಲ. ಪ್ರತಿ ಕುರ್ಚಿಯ ಮುಂದೂ ಒಂದು ಕಾರ್ಡು, ಒಂದು ಮೋಟು ಪೆನ್ಸಿಲು ಇಟ್ಟಿದ್ದರು. ಹೆಸರು, ಫೋನು, ಕೆಳಗೆ ಚೌಕಗಳು: ಇವತ್ತು ಕ್ರಿಸ್ತನನ್ನು ಸ್ವೀಕರಿಸಿದೆ, ಮರಳಿ ಬಂದೆ, ಇನ್ನಷ್ಟು ತಿಳಿಯಬೇಕು. ಕಾರ್ಡು ಬುಟ್ಟಿಗೆ ಹಾಕಿದರೆ ಅದೇ ಲಾಟರಿ ಚೀಟಿ. ಬಹುಮಾನ ಎತ್ತುವುದು ಪ್ರಾರ್ಥನೆಯ ನಂತರವೇ. ಹೀಗೆ ವ್ಯವಸ್ಥೆ ಮಾಡಿದವರು ಯಾರೋ, ಅವರಿಗೆ ಗಂಡಸರ ಸ್ವಭಾವ ಚೆನ್ನಾಗಿ ಗೊತ್ತು.

ಬಹುಮಾನಗಳಲ್ಲಿ ಎರಡು ಕೋವಿಗಳಿದ್ದವು. ಗೆಳೆಯ ನನ್ನ ಕಿವಿಯಲ್ಲಿ ಅಂದ: 'ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡ್ತೀವಿ. ಇಲ್ಲಿ ಕೋವೀನೇ ಪ್ರಸಾದ ಅಂತ ಕೊಡ್ತಾರಲ್ಲ ಮಾರಾಯ!' ಎರಡು ಕೋವಿ ಏನೂ ಅಲ್ಲ. 2014ರಲ್ಲಿ ಕೆಂಟಕಿಯ ಪಡೂಕಾ ಎಂಬ ಊರಿನ ಬ್ಯಾಪ್ಟಿಸ್ಟ್ ಚರ್ಚೊಂದು ಹೀಗೇ ಊಟ ಹಾಕಿಸಿ 25 ಕೋವಿಗಳನ್ನು ಹಂಚಿದ್ದು ದೇಶವೆಲ್ಲ ಸುದ್ದಿಯಾಗಿತ್ತು. ಊಟದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಕೋವಿಯ ಲಾಟರಿ ಮಾತ್ರ ನನಗೆ ಸೇರುವುದಿಲ್ಲ. ವಾರಕ್ಕೊಂದು ಕಡೆ ಗುಂಡಿನ ಸುದ್ದಿ ಬರುವ ದೇಶದಲ್ಲಿ ದೇವರ ಮನೆಯವರು ಬುಟ್ಟಿಯಲ್ಲಿ ಕೈಹಾಕಿ ಕೋವಿ ಎತ್ತಿಕೊಡುವುದನ್ನು ನಗುತ್ತ ನೋಡಲಾಗುವುದಿಲ್ಲ. ಡೀಕನ್ನರಿಗೂ ಹೇಳಿದೆ. 'ಮೀನು ಹಿಡಿಯುವ ಗಾಳ ಇಟ್ಟರೆ ಮುನ್ನೂರು ಜನ ಬರೋದಿಲ್ಲ' ಎಂದರು, ಕೋಪವಿಲ್ಲದೆ.

ನಿಜಕ್ಕೂ ನನ್ನ ತಲೆಯಲ್ಲಿ ಕೂತದ್ದು ಬೇರೆ. ಊಟಕ್ಕೆ ಮೊದಲು ಎಲ್ಲರೂ ಎದ್ದು ಒಂದು ಕೀರ್ತನೆ ಹಾಡಿದ್ದರು, 'ಅಮೇಜಿಂಗ್ ಗ್ರೇಸ್'. ಅದನ್ನು ಬರೆದವನು ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದು ಆಮೇಲೆ ಪಾದ್ರಿಯಾದ ಜಾನ್ ನ್ಯೂಟನ್. ಇಂಗ್ಲೆಂಡಿನ ಓಲ್ನಿ ಎಂಬ ಊರಿನಲ್ಲಿದ್ದಾಗ 1779ರಲ್ಲಿ ಅವನು ಅಚ್ಚು ಹಾಕಿಸಿದ ಕೀರ್ತನೆಗಳ ಪುಸ್ತಕದಲ್ಲೇ ಅದು ಇರುವುದು. ಆ ಪುಸ್ತಕಕ್ಕೆ ಅವನ ಜೊತೆ ಕೂತು ಹಾಡು ಬರೆದುಕೊಟ್ಟವನು ನೆರೆಯವನಾದ ಕವಿ ವಿಲಿಯಂ ಕೂಪರ್. ಅವನೂ ಅಪ್ಪಟ ಇವ್ಯಾಂಜೆಲಿಕಲ್. ಮನಸ್ಸು ಕೆಟ್ಟು ಕಂಗಾಲಾಗಿದ್ದ ಕೂಪರನಿಗೆ 1774ರಲ್ಲಿ ಯಾರೋ ಒಂದು ಮೊಲದ ಮರಿ ತಂದುಕೊಟ್ಟರು. ಅದು ಮೂರಾಯಿತು: ಪುಸ್, ಟೈನಿ, ಬೆಸ್. ಹೆಸರು ಹೆಣ್ಣಿನಂತಿದ್ದರೂ ಬೆಸ್ ಕೂಡ ಗಂಡೇ. ಟೈನಿ ಕೊನೆಯವರೆಗೂ ಮುಂಗೋಪಿ, ಮುಟ್ಟಿದರೆ ಕಚ್ಚುತ್ತಿತ್ತು. ಪುಸ್ ಮಾತ್ರ ತೋಟದ ಸೌತೆಬಳ್ಳಿಯ ಎಲೆಯಡಿ ಸಂಜೆಯವರೆಗೆ ಮಲಗಿ, ಹತ್ತಿರ ಹತ್ತಿರ ಹನ್ನೆರಡು ವರ್ಷ ಅವನ ಜೊತೆ ಬಾಳಿತು. 1785ರಲ್ಲಿ ಬಂದ ಅವನ 'ದಿ ಟಾಸ್ಕ್' ಎಂಬ ದೀರ್ಘ ಕವನದಲ್ಲಿ ಮೋಜಿನ ಬೇಟೆಯ ಮೇಲೆ ಕಿಡಿಕಾರಿದ್ದಾನೆ. ಅಂಥವನ ಜೊತೆಗಾರನ ಹಾಡು ಮುಗಿಸಿ ನಾವು ಮೊಲದ ಸಾರಿಗೆ ಸೌಟು ಹಾಕಿದ್ದೆವು.

ಕೂಪರ್ ಒಬ್ಬಂಟಿ ಹುಚ್ಚನೇನಲ್ಲ. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1781ರ ಒಂದು ಪ್ರಸಂಗದಲ್ಲಿ, ಕೊನೆಯ ದಿನ ಬಿಡುಗಡೆ ಸಿಗುವುದು ಮನುಷ್ಯನಿಗೆ ಮಾತ್ರವಲ್ಲ, ಪಶುಪಕ್ಷಿಗಳಿಗೂ ಎಂದು ವಾದಿಸಿದ್ದ. ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ 1824ರಲ್ಲಿ ಲಂಡನ್ನಿನಲ್ಲಿ ಪ್ರಾಣಿಹಿಂಸೆ ತಡೆಯುವ ಸಂಘ ಕಟ್ಟಿದವರಲ್ಲೊಬ್ಬ. ಅಂದರೆ ಪ್ರಾಣಿದಯೆಯ ಚಳವಳಿಗೆ ಹಾಲೂಡಿಸಿದ ಕೈಗಳಲ್ಲಿ ಈ ಮತದವರದೂ ಇತ್ತು. ಅಮೆರಿಕದ ದಕ್ಷಿಣಕ್ಕೆ ಬಂದರೆ ಚರ್ಚಿಗೂ ಬೇಟೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕಾರಣ ದಯೆಯಲ್ಲ, ಸಹವಾಸದೋಷ. ಟೆಡ್ ಓನ್‌ಬಿ ಎಂಬ ಇತಿಹಾಸಕಾರ 1990ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ಬಿಡಿಸಿದ್ದಾರೆ: ಅಂತರ್ಯುದ್ಧದ ನಂತರದ ದಶಕಗಳಲ್ಲಿ ಕಾಡು ಗಂಡಸರದು, ಅಲ್ಲಿ ನಾಯಿ, ವಿಸ್ಕಿ, ಜೂಜು, ಬೈಗುಳ, ಮನೆ ಮತ್ತು ಚರ್ಚು ಹೆಂಗಸರದು, ಅಲ್ಲಿ ಪ್ರಾರ್ಥನೆ, ಶಿಸ್ತು. ಶನಿವಾರ ರಾತ್ರಿ ಕಾಡಿನಲ್ಲಿದ್ದವನು ಭಾನುವಾರ ಪಶ್ಚಾತ್ತಾಪದ ಬೆಂಚಿನಲ್ಲಿ ಕೂರುವುದು ಮಾಮೂಲಾಗಿತ್ತು.

ಆ ಬೆಂಚುಗಳು ಕ್ರಮೇಣ ಹೆಂಗಸರಿಂದಲೇ ತುಂಬಿದವು, ಗಂಡಸರು ಬರುವುದು ಕಡಿಮೆಯಾಯಿತು. ಆಗ ಚರ್ಚೇ ಕಾಡಿಗೆ ಹೊರಟಿತು ಎಂಬುದು ನನ್ನ ಲೆಕ್ಕಾಚಾರ. 2001ರಲ್ಲಿ ಜಾನ್ ಎಲ್ಡ್ರೆಜ್ ಎಂಬಾತನ 'ವೈಲ್ಡ್ ಅಟ್ ಹಾರ್ಟ್' ಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಗಂಡಸಿನ ಆತ್ಮ ಸೋಫಾದ ಮೇಲಲ್ಲ, ಕಾಡುಮೇಡಿನಲ್ಲಿ ಅರಳುತ್ತದೆ ಎನ್ನುವುದು ಅದರ ಸಾರ. 2012ರಿಂದ 2017ರವರೆಗೆ ಟಿವಿಯಲ್ಲಿ 'ಡಕ್ ಡೈನಸ್ಟಿ' ಬಂತು. ಲೂಸಿಯಾನದ ರಾಬರ್ಟ್‌ಸನ್ ಕುಟುಂಬ, ಎದೆ ಮುಟ್ಟುವ ಗಡ್ಡ, ಬಾತುಗಳನ್ನು ಕರೆಯುವ ಮರದ ಪೀಪಿ ಮಾಡುವ ವ್ಯಾಪಾರ. ಕಂತಿನ ಕೊನೆಗೆ ಎಲ್ಲರೂ ಊಟದ ಮೇಜಿನ ಸುತ್ತ ತಲೆಬಾಗಿಸಿ ಪ್ರಾರ್ಥನೆ. 2013ರ ಆಗಸ್ಟಿನ ಒಂದೇ ಕಂತನ್ನು 1 ಕೋಟಿ 18 ಲಕ್ಷ ಜನ ನೋಡಿದರು. ಈಗ ಎಲೆತೊಗಟೆ ಬಣ್ಣದ ಕಮೂಫ್ಲಾಜ್ ಹೊದಿಕೆಯ ಬೈಬಲ್ಲುಗಳೂ ಅಂಗಡಿಯಲ್ಲಿ ಸಿಗುತ್ತವೆ. ಜಿಂಕೆಗೆ ಕಾಣಬಾರದೆಂದೋ ಸೈತಾನನಿಗೆ ಕಾಣಬಾರದೆಂದೋ ನಾನು ಕೇಳಲಿಲ್ಲ.

ಮೋಜೆಂದರೆ ಬೈಬಲ್ಲಿನಲ್ಲಿ ಬೇಟೆಗಾರರಿಗೆ ಅಂಥ ಒಳ್ಳೆಯ ಗತಿಯೇನೂ ಇಲ್ಲ. ನಿಮ್ರೋದ ಮಹಾ ಬೇಟೆಗಾರ, ದೇವರ ಕೋಪಕ್ಕೆ ಸಿಕ್ಕ ಬಾಬೆಲ್ ಗೋಪುರದ ಹೆಸರಿನ ಜೊತೆಗೇ ನೆನಪಾಗುವವನು. ಏಸಾವ ಅಪ್ಪನಿಗೆಂದು ಬೇಟೆಯಾಡಿ ತರುವಷ್ಟರಲ್ಲಿ, ಮನೆಯಲ್ಲೇ ಇದ್ದ ತಮ್ಮ ಯಾಕೋಬ ಆಡಿನ ಮಾಂಸ ಬಡಿಸಿ ಆಶೀರ್ವಾದ ಹೊಡೆದುಕೊಂಡ. ಯೇಸುವಿನ ಶಿಷ್ಯರಲ್ಲಿ ಮೀನುಗಾರರುಂಟು, ಬಿಲ್ಲು ಹಿಡಿದವನೊಬ್ಬನೂ ಇಲ್ಲ. ನಮ್ಮ ಬೇಡರ ಕಣ್ಣಪ್ಪನಂಥವನು, ತಾನು ರುಚಿ ನೋಡಿದ ಮಾಂಸವನ್ನೇ ದೇವರ ಮುಂದಿಡುವವನು, ಅವರ ಪುರಾಣದಲ್ಲಿ ಸಿಗುವುದಿಲ್ಲ. ಡೀಕನ್ನರಿಗೆ ಕಣ್ಣಪ್ಪನ ಕತೆ ಹೇಳಿದೆ. ಕಣ್ಣು ಕಿತ್ತುಕೊಡುವಲ್ಲಿಗೆ ಬಂದಾಗ ಚಮಚ ಕೆಳಗಿಟ್ಟರು.

ಈ ಬೇಟೆಗಾರ ಭಕ್ತರೆಲ್ಲರಿಗೂ ಬೈಬಲ್ಲಿನಲ್ಲಿ ಆಸರೆ ಯೇಸುವಿನ ಶಿಷ್ಯ ಪೇತ್ರನ ಕನಸು. ಆಕಾಶದಿಂದ ಒಂದು ದೊಡ್ಡ ದುಪ್ಪಟಿ ಇಳಿಯುತ್ತದೆ, ಅದರ ತುಂಬ ಯೆಹೂದ್ಯರ ಮಡಿಯಲ್ಲಿ ನಿಷಿದ್ಧವಾದ ಪ್ರಾಣಿಗಳು, ಕೊಂದು ತಿನ್ನೆಂದು ಅಪ್ಪಣೆಯಾಗುತ್ತದೆ. ಈ ಅಪ್ಪಣೆ ಟೀ ಷರ್ಟುಗಳ ಮೇಲೂ ಪಿಕಪ್ ಗಾಡಿಗಳ ಹಿಂದೆಯೂ ಅಚ್ಚಾಗಿದೆ. ಮೊಲ ಮೋಶೆಯ ಪಟ್ಟಿಯಲ್ಲಿ ಅಶುದ್ಧ, ಈ ಕನಸಿನಿಂದಾಗಿ ಪಾತ್ರೆಗೆ ಬಂತು. ಆದರೆ ಅದೇ ಅಧ್ಯಾಯವನ್ನು ಮುಂದೆ ಓದಿದರೆ ಪೇತ್ರ ಅದನ್ನು ಅಡುಗೆಯ ವಿಷಯವೆಂದು ತೆಗೆದುಕೊಳ್ಳುವುದೇ ಇಲ್ಲ. ಹೊರಜಾತಿಯವನೊಬ್ಬನ ಮನೆಗೆ ಹೋಗಲು ಹಿಂಜರಿಯಬಾರದು, ಯಾವ ಮನುಷ್ಯನನ್ನೂ ಮೈಲಿಗೆ ಎನ್ನಬಾರದು ಎಂದು ಅರ್ಥಮಾಡಿಕೊಂಡು ಎದ್ದು ಹೊರಡುತ್ತಾನೆ. ಆ ಪ್ರಕಾರ, ಅಂದು ಹಾಲಿನಲ್ಲಿ ಕನಸಿಗೆ ಸರಿಯಾಗಿ ನಡೆದ ಕೆಲಸವೆಂದರೆ ಹಾಸನದ ಕಡೆಯ ನನ್ನನ್ನೂ ಕೊಡಗಿನವನನ್ನೂ ಕರೆದು ಪಂಕ್ತಿಯಲ್ಲಿ ಕೂರಿಸಿ ಎರಡೆರಡು ಸಲ ಬಡಿಸಿದ್ದು. ಕಾರ್ಡಿನ ಚೌಕಗಳನ್ನು ನಾನು ಖಾಲಿ ಬಿಟ್ಟೆ. ಗೆಳೆಯ 'ಇನ್ನಷ್ಟು ತಿಳಿಯಬೇಕು' ಎಂಬುದಕ್ಕೆ ಗುರುತು ಹಾಕಿದ, ಹಂದಿ ಹೊಡೆಯುವ ಜಾಗ ಯಾವುದೆಂದು ತಿಳಿಯಬೇಕಿತ್ತಂತೆ. ಮರುವಾರವೇ ಅವನಿಗೆ ಪಾಸ್ಟರಿಂದ ಫೋನು ಬಂತು.

ಚರ್ಚಿಗೂ ಬೇಟೆಗೂ ಇಷ್ಟು ಗಳಸ್ಯ ಕಂಠಸ್ಯವಾದರೂ ಹಳೆಯ ಜಗಳ ಪೂರ್ತಿ ಮುಗಿದಿಲ್ಲ. ಅದು ಭಾನುವಾರದಲ್ಲಿ ಉಳಿದುಕೊಂಡಿದೆ. ಸಬ್ಬತ್ತಿನ ದಿನ ಕೋವಿ ಎತ್ತಬಾರದೆಂದು ನಾರ್ತ್ ಕೆರೊಲಿನಾದಲ್ಲಿ ಶತಮಾನಕ್ಕೂ ಹೆಚ್ಚು ಕಾಲ ಕಾನೂನಿತ್ತು. ವಾರವಿಡೀ ದುಡಿಯುವವನಿಗೆ ಸಿಗುವುದೇ ಎರಡು ದಿನ, ಅದರಲ್ಲೊಂದನ್ನು ಕಿತ್ತುಕೊಂಡರೆ ಹೇಗೆ ಎಂದು ಬೇಟೆಗಾರರು. ಬೆಳಗಿನ ಆರಾಧನೆಗೆ ಬರುವವರು ಯಾರು ಎಂದು ಪಾಸ್ಟರುಗಳು. ಎರಡೂ ಪಂಗಡದಲ್ಲಿ ಇದ್ದವರು ಬಹುಮಟ್ಟಿಗೆ ಅದೇ ಜನ. 2015ರಲ್ಲಿ ಖಾಸಗಿ ಜಮೀನಿನಲ್ಲಿ ಹೊಡೆಯಬಹುದೆಂದು ಶಾಸನಸಭೆ ಒಪ್ಪಿತು, ಷರತ್ತುಗಳೊಡನೆ. ನಾಯಿ ಬಿಟ್ಟು ಜಿಂಕೆ ಅಟ್ಟಬಾರದು. ಬೆಳಗ್ಗೆ 9:30ರಿಂದ ಮಧ್ಯಾಹ್ನ 12:30ರವರೆಗೆ ಕೋವಿ ಹಾರಿಸಬಾರದು. ಪ್ರಾರ್ಥನಾ ಮಂದಿರದಿಂದ 500 ಗಜದೊಳಗೆ ದಿನವಿಡೀ ಕೂಡದು.

ನಮ್ಮ ಡೀಕನ್ನರ ಚರ್ಚಿನ ಹಿಂದೆ ಸ್ಮಶಾನ, ಅದರಾಚೆ ಸೋಯಾ ಹೊಲ, ಆಮೇಲೆ ಕಾಡು. ಅಲ್ಲಿಯ ಜಿಂಕೆಗಳು ಈ ಕಾನೂನನ್ನು ಬಾಯಿಪಾಠ ಮಾಡಿಕೊಂಡಿವೆ ಎಂದು ಅವರ ದೂರು. ಒಂಬತ್ತೂವರೆಗೆ ಸರಿಯಾಗಿ ಸ್ಮಶಾನಕ್ಕೆ ಬಂದು ಸಮಾಧಿಯ ಹೂಗಳನ್ನು ಮೇಯುತ್ತವಂತೆ. ಪ್ಲಾಸ್ಟಿಕ್ಕಿನವನ್ನು ಮೂಸಿ ಬಿಡುತ್ತವಂತೆ. 'ಓಡಿಸೋದಿಲ್ಲವೇ?' ಎಂದು ಕೇಳಿದೆ. 'ಯಾಕೆ ಓಡಿಸಲಿ?' ಎಂದರು. 'ಹೊತ್ತಿಗೆ ಸರಿಯಾಗಿ ಬರ್ತವೆ, ಕೊನೇವರೆಗೂ ಇರ್ತವೆ. ಕಾಣಿಕೆ ತಟ್ಟೆ ಬರೋ ಹೊತ್ತಿಗೆ ಎದ್ದು ಹೋಗೋ ನಮ್ಮವರಿಗಿಂತ ವಾಸಿ.'