ಮೇರಿ ಜುಮಾ ಮತ್ತು ನನ್ನ ದಾದಿ

ಮೊದಲೇ ಹೇಳಿಬಿಡುತ್ತೇನೆ, ದಾದಿ ಎಂದರೆ ಆಸ್ಪತ್ರೆಯ ನರ್ಸ್ ಅಲ್ಲ. ಏಳನೇ ತರಗತಿಯಲ್ಲಿ ‘ನನ್ನ ದಾದಿ’ ಎಂದು ಪ್ರಬಂಧ ಬರೆದಿದ್ದೆ. ಕನ್ನಡ ಟೀಚರ್ ಪಾಪ, ನಮ್ಮ ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ನರ್ಸ್ ಬಂದು ಹೋಗುತ್ತಾರೆ ಎಂದುಕೊಂಡಿದ್ದರು. ನಮ್ಮ ಮನೆಯ ಉರ್ದುವಿನಲ್ಲಿ ದಾದಿ ಎಂದರೆ ಅಬ್ಬಾನ ತಾಯಿ. ಈ ಲೇಖನದಲ್ಲಿಯೂ ಹಾಗೇ ಓದಿಕೊಳ್ಳಿ.

ಕಳೆದ ವರ್ಷ ದಸರಾ ರಜೆಗೆ ಮುಂಚೆ ನಮ್ಮ ಇಂಗ್ಲಿಷ್ ಸರ್ ಒಂದು ಅಸೈನ್‌ಮೆಂಟ್ ಕೊಟ್ಟರು. ಮನೆಯಲ್ಲಿರುವ ಅಥವಾ ಓಣಿಯಲ್ಲಿರುವ ಹಿರಿಯರೊಬ್ಬರನ್ನು ಮಾತನಾಡಿಸಿ ಅವರ ಜೀವನವನ್ನು ಎರಡು ಪುಟದಲ್ಲಿ ಬರೆಯಬೇಕು. ಮಾದರಿಗೆಂದು ಎಲ್ಲರಿಗೂ ಒಂದು ಜೆರಾಕ್ಸ್ ಹಂಚಿದರು. ಅಮೆರಿಕದ ಯಾವುದೋ ಮುದುಕಿಯ ಮಾತು ಎಂದು ನೋಡಿ ನಾನು ಅದನ್ನು ಮಡಚಿ ಅಕೌಂಟೆನ್ಸಿ ಪುಸ್ತಕದೊಳಗೆ ಇಟ್ಟೆ. ನಮ್ಮ ದಾದಿಯ ಬಗ್ಗೆ ಬರೆಯಲು ಅಮೆರಿಕದ ಮಾದರಿ ಯಾಕೆ ಬೇಕು?

ರಜೆಯ ಮೊದಲ ದಿನವೇ ಪೆನ್ನು ಹಿಡಿದು ದಾದಿಯ ಎದುರು ಕೂತೆ. ಪ್ರಶ್ನೆಗಳನ್ನು ನಂಬರ್ ಹಾಕಿ ಬರೆದುಕೊಂಡಿದ್ದೆ. ಹುಟ್ಟಿದ ವರ್ಷ? ಮದುವೆಯಾದ ವರ್ಷ? ಮೆಹರ್ ಎಷ್ಟು? ಹೊಲ ಎಷ್ಟು ಎಕರೆ? ಆಗ ಬಂಗಾರದ ದರ ಎಷ್ಟು? ದಾದಿ ಅಕ್ಕಿ ಹಸನು ಮಾಡುತ್ತಿದ್ದರು. ಹುಟ್ಟಿದ್ದು ಬಿತ್ತಿಗೆಯ ಕಾಲದಲ್ಲಿ ಅಂತೆ. ಮದುವೆ ‘ತೇರೆ ದಾದಾ ಕೂ ಮೂಛ್ಯಾಂ ಆನೇಕೆ ಪೈಲೆ’, ಅಂದರೆ ದಾದಾನಿಗೆ ಮೀಸೆ ಬರುವ ಮೊದಲು. ಹೊಲ ನಾಲ್ಕು ಎಕರೆ. ಉಳಿದದ್ದಕ್ಕೆಲ್ಲ ಒಂದೇ ಉತ್ತರ, ‘ಮೇರೆಕು ಕ್ಯಾ ಮಾಲೂಮ್ ಮಾ.’ ಹತ್ತು ನಿಮಿಷಕ್ಕೆ ನನ್ನ ಪ್ರಶ್ನೆಗಳು ಮುಗಿದವು. ಬರೆದದ್ದು ನೋಡಿದರೆ ಅರ್ಧ ಪುಟ. ಅದೂ ಬ್ಯಾಲೆನ್ಸ್ ಶೀಟ್ ತರಹ ಕಾಣುತ್ತಿತ್ತು. ಟ್ಯಾಲಿಯೂ ಆಗಿರಲಿಲ್ಲ.

ಎರಡು ಪುಟ ತುಂಬಿಸುವುದು ಹೇಗೆ ಎಂದು ನೋಡಲು ಆ ಜೆರಾಕ್ಸ್ ತೆಗೆದೆ. ಹಾಗೆ ನನಗೆ ಮೇರಿ ಜುಮಾ ಸಿಕ್ಕಿದರು.

ಹೆಸರು ನೋಡಿಯೇ ನಾನು ನಿಂತೆ. ಮೇರಿ ಸರಿ, ಜುಮಾ ಹೇಗೆ? ಓದುತ್ತಾ ಹೋದಂತೆ ತಿಳಿಯಿತು, ಆಕೆ ಮುಸ್ಲಿಂ. ಇಂದಿನ ಲೆಬನಾನ್‌ನಲ್ಲಿರುವ ಬೀರೆ ಎಂಬ ಹಳ್ಳಿಯವಳು. ಆಗ ಆ ನಾಡೆಲ್ಲ ತುರ್ಕಿಯ ಸುಲ್ತಾನರ ಕೈಕೆಳಗಿತ್ತು, ಜನ ಅದನ್ನು ಸಿರಿಯಾ ಎನ್ನುತ್ತಿದ್ದರು. 1899ರಲ್ಲಿ ಆಕೆ ಗಂಡ ಹಸನ್ ಜುಮಾ ಜೊತೆ ಊರು ಬಿಟ್ಟಳು. ಇದ್ದುದನ್ನೆಲ್ಲ ಮಾರಿ, ಹೊಲವನ್ನು ಅಡವಿಟ್ಟು ಇನ್ನೂರು ಡಾಲರ್ ಸಾಲ ತಗೊಂಡು ಹೊರಟರಂತೆ. (ಇಲ್ಲಿ ನಾನು ಪೆನ್ಸಿಲ್‌ನಿಂದ ‘ಸೆಕ್ಯೂರ್ಡ್ ಲೋನ್’ ಎಂದು ಬರೆದಿದ್ದೇನೆ, ಅಭ್ಯಾಸ.) ಅದರ ಹಿಂದೆಯೇ ಇನ್ನೊಂದು ಮಾತು. ಇಬ್ಬರು ಹೆಣ್ಣುಮಕ್ಕಳನ್ನು ಊರಲ್ಲಿ ತನ್ನ ತಂದೆ ತಾಯಿಯ ಹತ್ತಿರ ಬಿಟ್ಟು ಬರಬೇಕಾಯಿತು. ಅಷ್ಟೇ. ಮುಂದೆ ಹಡಗು, ಫ್ರಾನ್ಸ್, ಕೆನಡಾದ ಮಾಂಟ್ರಿಯಲ್. ನಾನೂ ಆ ಸಾಲನ್ನು ದಾಟಿ ಮುಂದೆ ಹೋದೆ.

ಅಮೆರಿಕ ಮುಟ್ಟಿದ ಮೇಲೆ ಗಂಡ ಹೆಂಡತಿ ಮೊದಲು ಮಾಡಿದ್ದು ಊರೂರು ತಿರುಗಿ ಮಾರುವ ವ್ಯಾಪಾರ. ಆ ಕಾಲದ ಸಿರಿಯಾದ ಜನ ಬಹಳಷ್ಟು ಮಂದಿ ಅದನ್ನೇ ಮಾಡುತ್ತಿದ್ದರು. ಸೂಜಿ, ದಾರ, ಗುಂಡಿ, ಲೇಸು, ಬಟ್ಟೆ ಗಂಟು ಕಟ್ಟಿಕೊಂಡು ಒಂದು ತೋಟದ ಮನೆಯಿಂದ ಇನ್ನೊಂದಕ್ಕೆ. ನಮ್ಮಲ್ಲಿ ಬಳೆ ಮಾರುವವರು, ಬುಟ್ಟಿ ಹೊತ್ತವರು ಬರುವುದಿಲ್ಲವೇ, ಹಾಗೆ. ಆಮೇಲೆ 1902ರಲ್ಲಿ ನಾರ್ತ್ ಡಕೋಟಾ ರಾಜ್ಯದ ರಾಸ್ ಎಂಬ ಸಣ್ಣ ಊರಿನ ಹತ್ತಿರ ಜಮೀನು ಹಿಡಿದರು. 1862ರ ಕಾನೂನಿನ ಪ್ರಕಾರ ಅಲ್ಲಿ ಸರ್ಕಾರ 160 ಎಕರೆ ಕೊಡುತ್ತಿತ್ತು. ಐದು ವರ್ಷ ಅಲ್ಲೇ ಇರಬೇಕು, ಮನೆ ಕಟ್ಟಬೇಕು, ಉಳಬೇಕು. ಆಮೇಲೆ ನೆಲ ನಿಮ್ಮದು. ಪುಕ್ಕಟೆ ಎಂದು ಕಾಣುತ್ತದೆ, ಆದರೆ ಅದು ಪ್ರೇರಿ. ಪ್ರೇರಿ ಎಂದರೆ ಕಣ್ಣು ಹಾಯುವಷ್ಟು ದೂರ ಹುಲ್ಲು ಮಾತ್ರ, ಮರ ಇಲ್ಲ. ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಹೋಗುತ್ತದೆ. ಅದಕ್ಕಿಂತ ಮೊದಲು ಆ ಬಯಲು ಅಲ್ಲಿನ ಮೂಲನಿವಾಸಿಗಳದ್ದಾಗಿತ್ತು, ಅವರಿಂದ ಕಸಿದುಕೊಂಡದ್ದನ್ನೇ ಸರ್ಕಾರ ಹಂಚಿತು ಎಂದು ಸರ್ ಆಮೇಲೆ ಹೇಳಿದರು.

ಅದೇ ಸೀಮೆಯ ಇನ್ನಷ್ಟು ಕುಟುಂಬಗಳು ಒಂದರ ಹಿಂದೆ ಒಂದು ಬಂದು ರಾಸ್ ಸುತ್ತ ನೆಲೆಸಿದವು. ಗೋಧಿ ಬೆಳೆದರು. ನಮಾಜು ಒಬ್ಬೊಬ್ಬರ ಮನೆಯಲ್ಲಿ ಸೇರಿ ಮಾಡುತ್ತಿದ್ದರು. ರೋಜಾ ಹಿಡಿಯುತ್ತಿದ್ದರು, ಈದ್‌ಗೆ ಒಬ್ಬರ ಮನೆಗೊಬ್ಬರು ಹೋಗುತ್ತಿದ್ದರು. 1929ರಲ್ಲಿ ಎಲ್ಲರೂ ಸೇರಿ ಒಂದು ಮಸೀದಿ ಕಟ್ಟಿದರು. ಮಸೀದಿಯೆಂದೇ ಅಮೆರಿಕದಲ್ಲಿ ಕಟ್ಟಿದ ಮೊದಮೊದಲ ಕಟ್ಟಡಗಳಲ್ಲಿ ಅದೂ ಒಂದು. ಗುಂಬಜ್ ಇರಲಿಲ್ಲ, ಮಿನಾರ್ ಇರಲಿಲ್ಲ. ಅರ್ಧ ನೆಲದೊಳಗೆ ಹುಗಿದಂತಿದ್ದ ಒಂದು ಕೋಣೆ. ದೂರದಿಂದ ನೋಡಿದವರು ಉಗ್ರಾಣ ಅಂದುಕೊಂಡಿರಬೇಕು.

ಗೋಧಿ ಬೆಳೆಯುವ ಅದೇ ಬಯಲಿನಲ್ಲಿ, ಗಡಿ ದಾಟಿದರೆ ಕೆನಡಾದ ಎಡ್ಮಂಟನ್ ಪಟ್ಟಣ. ಅಲ್ಲಿ 1938ರಲ್ಲಿ ಅಲ್ ರಶೀದ್ ಮಸೀದಿ ಆಯಿತು. ಅದಕ್ಕೆ ಹಣ ಕೂಡಿಸಲು ಹಿಲ್ವೀ ಹಮ್ದಾನ್ ಎಂಬ ಹೆಣ್ಣುಮಗಳು ಬೇರೆ ಹೆಂಗಸರ ಜೊತೆ ಅಂಗಡಿ ಅಂಗಡಿ ತಿರುಗಿದರು, ಕ್ರೈಸ್ತರು ಯಹೂದಿಗಳು ಕೂಡ ಕೊಟ್ಟರು. ಕಟ್ಟಿದ ಕಂಟ್ರಾಕ್ಟರ್ ಉಕ್ರೇನ್ ಮೂಲದವನು, ಮಸೀದಿ ನೋಡಿದವನೇ ಅಲ್ಲ, ಆದ್ದರಿಂದ ಅದು ಸ್ವಲ್ಪ ಅವನ ಊರಿನ ಚರ್ಚಿನ ಹಾಗೇ ಆಯಿತು! ಆ ಮಸೀದಿಯ ಉದ್ಘಾಟನೆಗೆ ಅಬ್ದುಲ್ಲಾ ಯೂಸುಫ್ ಅಲಿಯವರು ಹೋಗಿದ್ದರು. ಕುರ್‌ಆನನ್ನು ಇಂಗ್ಲಿಷಿಗೆ ಅನುವಾದ ಮಾಡಿದ ನಮ್ಮ ದೇಶದ ವಿದ್ವಾಂಸರು ಅವರೇ. ನಮ್ಮ ಲೈಬ್ರರಿಯ ಮೇಲಿನ ಕಪಾಟಿನಲ್ಲಿರುವ ಹಸಿರು ರಟ್ಟಿನ ಪುಸ್ತಕ ಅವರದೇ. ಇದು ವಿಷಯಕ್ಕೆ ಅಷ್ಟು ಸಂಬಂಧವಿಲ್ಲ, ಆದರೆ ನನಗೆ ಖುಷಿಯಾಯಿತು, ಹೇಳಿದೆ.

ರಾಸ್‌ನ ಕಥೆ ಅಷ್ಟು ಚೆನ್ನಾಗಿ ಮುಂದುವರಿಯಲಿಲ್ಲ. ಮಸೀದಿ ಕಟ್ಟಿದ ವರ್ಷವೇ ಅಮೆರಿಕದ ಷೇರು ಮಾರುಕಟ್ಟೆ ಬಿತ್ತು. (ಕಾಮರ್ಸ್‌ನವರಿಗೆ 1929 ಎಂದ ಕೂಡಲೇ ಗೊತ್ತಾಗಿರಬೇಕು.) ಅದರ ಬೆನ್ನಿಗೆ ಬರ. 1930ರ ದಶಕದಲ್ಲಿ ಆ ಬಯಲಿನ ಮಣ್ಣು ಧೂಳಾಗಿ ಗಾಳಿಗೆ ಎದ್ದು ಹೋಯಿತು. ಬಹಳ ಜನ ಹೊಲ ಬಿಟ್ಟು ಹೋದರು. ಉಳಿದವರ ಮಕ್ಕಳು ಶಾಲೆಗೆ ಹೋಗಿ ಇಂಗ್ಲಿಷ್ ಕಲಿತರು, ಅಕ್ಕಪಕ್ಕದವರನ್ನು ಮದುವೆಯಾದರು, ಪಟ್ಟಣಕ್ಕೆ ಹೋದರು. 1970ರ ದಶಕದ ಕೊನೆಗೆ ನಮಾಜಿಗೆ ಯಾರೂ ಇಲ್ಲದ ಆ ಕಟ್ಟಡವನ್ನು ಕೆಡವಿದರು. ಉಳಿದದ್ದು ಖಬರಸ್ತಾನ, ಅದರ ಕಮಾನಿನ ಮೇಲೆ ಚಂದ್ರ ನಕ್ಷತ್ರ. 2005ರಲ್ಲಿ ಆ ಕುಟುಂಬಗಳವರೇ ಮುಂದೆ ನಿಂತು ಅದೇ ಜಾಗದಲ್ಲಿ ಒಂದು ಪುಟ್ಟ ಮಸೀದಿ ಕಟ್ಟಿಸಿದ್ದಾರೆ.

ಮೇರಿ ಜುಮಾ ಮಾತನಾಡಿದ್ದು 1939ರಲ್ಲಿ. ಕೆಲಸವಿಲ್ಲದ ಬರಹಗಾರರಿಗೆ ಆಗ ಅಮೆರಿಕ ಸರ್ಕಾರ ಸಂಬಳ ಕೊಟ್ಟು, ಸಾಮಾನ್ಯ ಜನರ ಹತ್ತಿರ ಹೋಗಿ ಅವರ ಬದುಕನ್ನು ಬರೆದುಕೊಂಡು ಬನ್ನಿ ಎಂದು ಕಳಿಸಿತ್ತು. ಅದರಲ್ಲಿ ಒಬ್ಬರು ಈ ಮುದುಕಿಯ ಮನೆಗೆ ಹೋದರು. ಆ ಒಬ್ಬರು ಆ ದಿನ ಹೋಗದಿದ್ದರೆ ಇದ್ಯಾವುದೂ ನನಗೆ ಸಿಗುತ್ತಿರಲಿಲ್ಲ.

ಅಂದು ರಾತ್ರಿ ಕರೆಂಟ್ ಹೋಗಿತ್ತು. ಟಿವಿ ಇಲ್ಲ. ದಾದಿಗೆ ನಿದ್ದೆ ಬರುತ್ತಿರಲಿಲ್ಲ. ನಾನು ಮೊಬೈಲ್ ಟಾರ್ಚ್ ಹಿಡಿದು ಜೆರಾಕ್ಸ್ ಓದಿ ನಮ್ಮ ಮನೆಯ ಮಾತಿನಲ್ಲಿ ಹೇಳುತ್ತಾ ಹೋದೆ. ಮರವಿಲ್ಲದ ಬಯಲು ಎಂದಾಗ ದಾದಿ ‘ಹೌ, ಹಮಾರೆ ಎರೆ ಖೇತಾಂ ಸರ್ಕಾ’ ಎಂದರು. ದಾದಿಯ ಊರು ಇಂಡಿ ತಾಲ್ಲೂಕಿನಲ್ಲಿದೆ. ಜೋಳ ಕೊಯ್ದ ಮೇಲೆ ಅಲ್ಲಿಯೂ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇರುವುದಿಲ್ಲ. ಹಿಮ, ಹಡಗು ಇವಕ್ಕೆಲ್ಲ ದಾದಿ ಹೂಂ ಎನ್ನುತ್ತಿದ್ದರು. ಪೂರ್ತಿ ಮುಗಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

‘ಔ ದೋ ಛೋಕ್ರಿಯಾಂ? ಮಾಂ ಕನೆ ಆಯೇ ಕ್ಯಾ ಫಿರ್?’

ಆ ಇಬ್ಬರು ಹುಡುಗಿಯರು ಆಮೇಲೆ ತಾಯಿಯ ಹತ್ತಿರ ಬಂದರೇ ಎಂದು. ನಾನು ದಾಟಿ ಹೋಗಿದ್ದ ಸಾಲಿನಲ್ಲಿಯೇ ದಾದಿ ನಿಂತಿದ್ದರು, ಮೊದಲಿನಿಂದಲೂ. ಟಾರ್ಚ್ ಹಿಡಿದು ಮತ್ತೆ ಹುಡುಕಿದೆ. ಸರ್ ಕೊಟ್ಟ ಪುಟಗಳಲ್ಲಿ ಅದು ಇರಲಿಲ್ಲ. ಇಲ್ಲ ಎಂದೆ. ಆಗ ದಾದಿ ತಾವಾಗಿಯೇ ಮಾತನಾಡಲು ಶುರು ಮಾಡಿದರು. ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

1972ರ ಬರ ನಮ್ಮ ಭಾಗದವರಿಗೆಲ್ಲ ಗೊತ್ತು, ಹಿರಿಯರು ಇವತ್ತಿಗೂ ಹೇಳುತ್ತಾರೆ. ನಾಲ್ಕು ಎಕರೆಯಲ್ಲಿ ಒಂದು ಚೀಲವೂ ಆಗಲಿಲ್ಲ. ಎತ್ತು ಮಾರಿದರು. ದಾದಾ, ದಾದಿ ಕೆಲಸಕ್ಕೆ ಸೊಲ್ಲಾಪುರಕ್ಕೆ ಹೊರಟರು. ಕೂಸನ್ನು ಎತ್ತಿಕೊಂಡು ಹೋಗಬಹುದು, ಆದರೆ ನಾಲ್ಕು ವರ್ಷದ ಹುಡುಗಿಯನ್ನು ಯಾರು ನೋಡಿಕೊಳ್ಳುತ್ತಾರೆ? ಹಾಗಾಗಿ ನನ್ನ ದೊಡ್ಡ ಫೂಫೂ, ಅಂದರೆ ಅಬ್ಬಾನ ಅಕ್ಕ, ಊರಲ್ಲಿ ದಾದಿಯ ತಾಯಿಯ ಹತ್ತಿರ ಉಳಿದರು. ಮಳೆ ಬಂದ ಕೂಡಲೇ ವಾಪಸ್ಸು ಎಂದು ಹೇಳಿ ಹೋದವರು, ಬಂದದ್ದು ಮೂರು ವರ್ಷದ ನಂತರ. ಸೊಲ್ಲಾಪುರದಲ್ಲಿ ದಾದಾ ಹಮಾಲಿ ಮಾಡಿದರು. ದಾದಿ ಬೀಡಿ ಕಟ್ಟಿದರು. ರೇಷನ್ ಅಂಗಡಿಯಲ್ಲಿ ಕೆಂಪು ಜೋಳ ಕೊಡುತ್ತಿದ್ದರಂತೆ. ರೊಟ್ಟಿ ಬಡಿದರೆ ಬಿರಿಯುತ್ತಿತ್ತು, ಬಣ್ಣ ಇಟ್ಟಿಗೆಯ ಹಾಗೆ. ‘ಮಿಲೋ, ಮಿಲೋ ಬೋಲ್ತೇ ಥೇ’ ಎಂದರು ದಾದಿ. ಆಮೇಲೆ ನೋಡಿದೆ. ಆ ಮಿಲೋ ಬರಗಾಲಕ್ಕೆಂದು ಅಮೆರಿಕದಿಂದ ಬಂದ ಜೋಳ. ಬೆಳೆಯುವುದು ಅದೇ ದೊಡ್ಡ ಬಯಲಿನಲ್ಲಿ, ಮೇರಿ ಜುಮಾ ಇದ್ದ ನಾರ್ತ್ ಡಕೋಟಾಕ್ಕಿಂತ ಇನ್ನೂ ದಕ್ಷಿಣದ ರಾಜ್ಯಗಳಲ್ಲಿ.

ವಾಪಸ್ಸು ಬಂದಾಗ ಫೂಫೂ ಏಳು ವರ್ಷದವರು. ಬಾಗಿಲಲ್ಲಿ ನಿಂತ ದಾದಿಯನ್ನು ನೋಡಿ ಒಳಗೆ ಹೋಗಿ ಅಜ್ಜಿಯ ಸೆರಗಿನ ಹಿಂದೆ ನಿಂತರಂತೆ. ಕರೆದರೆ ಬರಲಿಲ್ಲ. ರಾತ್ರಿ ಅಜ್ಜಿಯ ಹತ್ತಿರವೇ ಮಲಗಿದರು. ಮತ್ತೆ ಮದುವೆಯಾಗುವವರೆಗೂ ಅಜ್ಜಿಯ ಮನೆಯಲ್ಲಿಯೇ ಇದ್ದರು. ದಾದಿ ಇದನ್ನು ಹೇಳುವಾಗ ಅಳಲಿಲ್ಲ. ದನಿ ಮಾತ್ರ ಸಣ್ಣದಾಯಿತು. ಕರೆಂಟ್ ಬಂತು, ಫ್ಯಾನ್ ತಿರುಗಿತು, ದಾದಿ ಪಕ್ಕಕ್ಕೆ ತಿರುಗಿ ಮಲಗಿದರು.

ನಾನು ಹದಿನೇಳು ವರ್ಷ ಈ ಮನೆಯಲ್ಲಿದ್ದೇನೆ. ಫೂಫೂ ಈದ್‌ಗೆ ಬಂದರೆ ದಾದಿಯ ಜೊತೆ ಕಡಿಮೆ ಮಾತನಾಡುತ್ತಾರೆ, ದಾದಿಯನ್ನು ‘ಅಮ್ಮಿ’ ಎನ್ನದೆ ‘ಭಾಯಿಕೀ ಅಮ್ಮಿ’ ಎನ್ನುತ್ತಾರೆ ಎನ್ನುವುದನ್ನು ನೋಡಿದ್ದೆ. ಅದು ಅವರ ಸ್ವಭಾವ, ಸ್ವಲ್ಪ ಬಿಗುಮಾನ ಜಾಸ್ತಿ ಎಂದುಕೊಂಡಿದ್ದೆ. ಅಮ್ಮಿಯೂ ನಾನೂ ಹಿಂದಿನಿಂದ ನಕ್ಕಿದ್ದೂ ಇದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅಸೈನ್‌ಮೆಂಟ್‌ನಲ್ಲಿ ನಾನು ಬೀಡಿ, ಬರ, ಕೆಂಪು ಜೋಳ ಎಲ್ಲ ಬರೆದೆ. ಫೂಫೂ ವಿಷಯ ಬಿಟ್ಟೆ. ಹತ್ತಕ್ಕೆ ಎಂಟು ಬಂತು. ಆದರೆ ಬಿಟ್ಟದ್ದೇ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಬಕ್ರೀದ್‌ಗೆ ಫೂಫೂ ಬಂದಾಗ, ಅಡುಗೆಮನೆಯಲ್ಲಿ ಇಬ್ಬರೇ ಇರುವಾಗ ಧೈರ್ಯ ಮಾಡಿ ಕೇಳಿದೆ. ಫೂಫೂ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಅವರು ಹೊರಟ ದಿನ ತನಗೆ ನೆನಪಿದೆ ಎಂದರು. ಸಂತೆಗೆ ಹೋಗುತ್ತಿದ್ದಾರೆ, ಬತ್ತಾಸು ತರುತ್ತಾರೆ ಎಂದುಕೊಂಡು ಸಂಜೆಯವರೆಗೂ ಕಟ್ಟೆಯ ಮೇಲೆ ಕೂತಿದ್ದರಂತೆ. ‘ಯಾರೂ ನನಗೆ ಹೇಳಲೇ ಇಲ್ಲ ನೋಡು, ಅಷ್ಟೇ’ ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಆಮೇಲೆ, ಇದನ್ನೆಲ್ಲ ಯಾಕೆ ಕೇಳುತ್ತೀ, ಉಪ್ಪು ನೋಡು ಎಂದರು.

ನಮ್ಮ ಕಾಲೇಜಿನ ಪತ್ರಿಕೆಗೆ ಇದನ್ನು ಬರೆಯಲೇ ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಫೂಫೂ, ಹೆಸರು ಹಾಕಬೇಡ, ಮಿಕ್ಕಿದ್ದು ನಿನ್ನ ಇಷ್ಟ ಎಂದರು. ದಾದಿಗೆ ಕನ್ನಡ ಮಾತನಾಡಲು ಬರುತ್ತದೆ, ಓಣಿಯ ಹೆಂಗಸರ ಜೊತೆ ಜಗಳವೂ ಕನ್ನಡದಲ್ಲೇ. ಓದಲು ಮಾತ್ರ ಯಾವ ಭಾಷೆಯೂ ಬರುವುದಿಲ್ಲ. ಏನು ಬರೆದಿದ್ದೀ ಎಂದು ಕೇಳಿದರು. ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಒಂದು ಬಿಟ್ಟಿದ್ದೀ ಎಂದರು. ಬಂಗಾರದ ದರ ಕೇಳಿದಾಗ, ಹುಟ್ಟಿದ ವರ್ಷ ಕೇಳಿದಾಗ ತನಗೇನು ಗೊತ್ತು ಎಂದ ದಾದಿ ಈ ಲೆಕ್ಕವನ್ನು ಮಾತ್ರ ತಟ್ಟನೆ ಹೇಳಿದರು. ಸೊಲ್ಲಾಪುರದಿಂದ ತಿಂಗಳು ತಿಂಗಳು ಹದಿನೈದು ರೂಪಾಯಿ ಮನಿಯಾರ್ಡರ್. ಮೂರು ವರ್ಷ. ಒಂದು ತಿಂಗಳೂ ತಪ್ಪಿಲ್ಲ.

ಬರೆದಿದ್ದೇನೆ ದಾದಿ.