ಹಸಿರು ಬೋರ್ಡಿನ ಕಷ್ಟ

ಹೊಸ ಕಂಪನಿ ತೆರೆಯುವವರಿಗೆ ಮೊದಲು ಹೊಳೆಯುವ ಬಣ್ಣ ಹಸಿರು. ಸೋಲಾರ್ ಮಾರುವವರಿಗೂ ಅದೇ, ಸಾವಯವ ಅಕ್ಕಿ ಮಾರುವವರಿಗೂ ಅದೇ, ಗುಡ್ಡ ಕಡಿದು ಸೈಟು ಮಾಡುವವರಿಗಂತೂ ಅದೇ ಬೇಕು. "ಸ್ವಲ್ಪ ನೇಚರ್ ಫೀಲ್ ಬರ್ಲಿ" ಎಂದರೆ ಸಾಕು, ಡಿಸೈನರ್ ಹುಡುಗ ಹೆಸರಿನ ತಲೆಯ ಮೇಲೆ ಎಲೆಯೊಂದನ್ನು ಓರೆಯಾಗಿ ಸಿಕ್ಕಿಸುತ್ತಾನೆ. ಯಾವ ಹಸಿರು ಎಂದಾಗಲೇ ತಕರಾರು. ಸೀರೆ ಅಂಗಡಿಯಲ್ಲಾದರೆ ರಾಮಾ ಗ್ರೀನ್, ಬಾಟಲ್ ಗ್ರೀನ್, ಪಿಸ್ತಾ, ಮೆಹಂದಿ ಎಂದು ಹೆಸರು ಹಿಡಿದು ಕೇಳಬಹುದು. ಕಂಪ್ಯೂಟರಿನಲ್ಲಿ ಪ್ರತಿ ಹಸಿರಿಗೂ ಆರಕ್ಷರದ ಒಂದು ಸಂಕೇತ. ಪಾಲುದಾರರಿಗೆ ಜಗಳವಾಡಲು ಅಷ್ಟು ಸಾಕು.

ಮಂಗಳೂರಿನ ನಮ್ಮ ಕೊಟ್ಟಾರದಲ್ಲಿ ಇನ್ನೂ ಒಂದು ತೊಡಕಿದೆ. ಆಟಿ ತಿಂಗಳ ಮಳೆಯಲ್ಲಿ ಇಲ್ಲಿ ತೆಂಗು, ಬಾಳೆ, ಕೆಸು ಮಾತ್ರವಲ್ಲ, ಕಂಪೌಂಡ್ ಗೋಡೆಯೂ ಪಾಚಿ ಹಿಡಿದು ಹಸಿರಾಗುತ್ತದೆ. ಆ ಹಸಿರಿನ ಎದುರು ಹಸಿರು ಬೋರ್ಡು ನಿಲ್ಲಿಸಿದರೆ ಹೆದ್ದಾರಿ 66ರಲ್ಲಿ ಹೋಗುವವನಿಗೆ ಕಾಣುವುದು ಬರೀ ಮರ. ಹಾಗೆ ನೋಡಿದರೆ ಮಂಗಳೂರನ್ನು ದೂರದೂರಿಗೆ ಪರಿಚಯಿಸಿದ ಬಣ್ಣ ಹಂಚಿನ ಕೆಂಪು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗ ಬಣ್ಣಕ್ಕಾಗಿ ಯಾರೂ ಮೀಟಿಂಗ್ ಕರೆದಿರಲಿಲ್ಲ. ಜೇಡಿಮಣ್ಣು ಸುಟ್ಟರೆ ಕೆಂಪಾಯಿತು, ತೆಂಗಿನ ತೋಟದ ನಡುವೆ ಎದ್ದು ಕಂಡಿತು.

ಆಮೇಲೆ ಬಿಸಿಲಿನ ಕಾಟ. ಪ್ರಿಂಟರಿನ ಹಸಿರೆಂದರೆ ಬಹುಮಟ್ಟಿಗೆ ನೀಲಿ ಶಾಯಿ, ಹಳದಿ ಶಾಯಿ ಸೇರಿದ್ದು. ಬಿಸಿಲಿಗೆ ಹಳದಿ ಮೊದಲು ಓಡಿಹೋಗುತ್ತದೆ, ನೀಲಿ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಎಲೆ ಹಸಿರಿನ ಫ್ಲೆಕ್ಸು ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಮಾಸಿದ ನೀಲಿಯಾಗಿರುತ್ತದೆ. "ಸ್ಕ್ರೀನಲ್ಲಿ ಕಂಡ ಗ್ರೀನು ಫ್ಲೆಕ್ಸಲ್ಲಿ ಬರುದಿಲ್ಲ ಮಾರಾಯ್ರೆ" ಎಂದು ಪ್ರಿಂಟಿಂಗ್ ಅಂಗಡಿಯವರು ಹೇಳುವುದೂ ನಿಜವೇ. ಸ್ಕ್ರೀನಿನ ಹಸಿರು ಬೆಳಕು, ಫ್ಲೆಕ್ಸಿನದು ಶಾಯಿ. ಆದ್ದರಿಂದ ಹಸಿರೇ ಬೇಕೆಂದು ಹಟವಿದ್ದರೆ ಕಡು ಹಸಿರು ಆರಿಸಿ, ಅಕ್ಷರಕ್ಕೆ ಬಿಳಿ ಅಥವಾ ಕೆನೆ ಬಣ್ಣ ಕೊಡಿ, ಅಂಚಿಗೆ ಬೇಕಾದರೆ ಹಂಚಿನ ಕೆಂಪು ಚೂರು ಇರಲಿ. ಹಸಿರಿನ ಮೇಲೆ ಕೆಂಪು ಅಕ್ಷರ ಮಾತ್ರ ಬೇಡ. ಕೆಂಪು-ಹಸಿರು ಭೇದ ಕಾಣದ ಗಂಡಸರು ನಾವೆಣಿಸಿದ್ದಕ್ಕಿಂತ ಹೆಚ್ಚಿದ್ದಾರೆ.

ಇಷ್ಟೆಲ್ಲ ಮಾಡಿದರೂ ಹಸಿರಿಗೆ ಒಂದು ಋಣವಿದೆ. ಬ್ರಿಟನ್ನಿನ ತೈಲ ಕಂಪನಿ ಬಿಪಿ 2000ದಲ್ಲಿ ಹಸಿರು-ಹಳದಿಯ ಸೂರ್ಯನಂಥ ಲಾಂಛನ ತೊಟ್ಟಿತು. 2010ರಲ್ಲಿ ಅದರ ಬಾವಿ ಮೆಕ್ಸಿಕೋ ಕೊಲ್ಲಿಯಲ್ಲಿ 87 ದಿನ ತೈಲ ಕಾರಿದಾಗ ಜನ ಅದೇ ಲಾಂಛನಕ್ಕೆ ಎಣ್ಣೆ ಮೆತ್ತಿ ಚಿತ್ರ ಬರೆದು ಗೇಲಿ ಮಾಡಿದರು. ನಮ್ಮಲ್ಲೂ 2024ರಲ್ಲಿ ಕೇಂದ್ರದ ಮಾರ್ಗಸೂಚಿ ಬಂದಿದೆ. ಅದರಂತೆ 'ಪರಿಸರಸ್ನೇಹಿ' ಎಂದು ಬರೆದುಕೊಂಡರೆ ಆಧಾರ ತೋರಿಸಬೇಕು; ಬರೀ ಬಣ್ಣ ಬಳಿದರೆ, ಜನರನ್ನು ದಾರಿ ತಪ್ಪಿಸದ ತನಕ, ಆಕ್ಷೇಪವಿಲ್ಲ.

ಕಾನೂನು ಬಿಟ್ಟರೂ ಕೊಟ್ಟಾರದ ಮಳೆ ಬಿಡುವುದಿಲ್ಲ. 2018ರ ಮೇ 29ರಂದು ಕೊಟ್ಟಾರ ಚೌಕಿಯಲ್ಲಿ ರಸ್ತೆಯೇ ಹೊಳೆಯಾಗಿತ್ತು. ತೋಡಿಗೆ ಸುರಿದ ಕಸ, ಮಣ್ಣು ಅಂಥ ದಿನ ಅಂಗಡಿ ಮೆಟ್ಟಿಲಿಗೇ ವಾಪಸ್ಸು ಬರುತ್ತದೆ. ಹಸಿರು ಬೋರ್ಡು ಹಾಕಿಸುವ ಯಜಮಾನರೇ, ಬಣ್ಣದ ಕ್ಯಾಟಲಾಗು ತೆರೆಯುವ ಮೊದಲು ಒಮ್ಮೆ ನಿಮ್ಮ ಕಟ್ಟಡದ ಹಿಂದಿನ ತೋಡು ನೋಡಿ ಬನ್ನಿ.