ಮೊದಲ ಪಂಕ್ತಿ ಯಾರಿಗೆ?

ಮಲೆನಾಡಿನ ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮಾತಿಗೂ ಪಾಠಕ್ಕೂ ವೈಫೈ ಒಂದೇ ಗತಿ.

ಧಾರವಾಡದಲ್ಲಿರುವ ನನ್ನ ಅಕ್ಕನಿಗೆ 81 ವರ್ಷ. ಕಾಲು ಮುರಿದು ಆಸ್ಪತ್ರೆ ಸೇರಿದ್ದಳು. ಮಂಡಿನೋವಿನಿಂದ ನಾನು ಹೋಗುವಂತಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಎರಡು ದಿನ ಇರುವಾಗ ರಾತ್ರಿ ವಿಡಿಯೋ ಕರೆ ಮಾಡಿದಳು.

‘ಹೆದರಿಕೆ ಆಗ್ತಿದೆ ತಮ್ಮಾ.’

‘ಏನೂ ಆಗಲ್ಲ ಅಕ್ಕಾ, ನಾನಿದೀನಿ’ ಎಂದೆ.

‘ಏನಂದೆ? ತುಂಡು ತುಂಡಾಗಿ ಕೇಳ್ತಿದೆ.’

ಮೂರು ಸಲ ಹೇಳಿದೆ. ಕೇಳಲೇ ಇಲ್ಲ. ದಣಿದು ಫೋನ್ ಇಟ್ಟಳು.

ಪಕ್ಕದ ಕೋಣೆಯಲ್ಲಿ ಎಂಟನೇ ತರಗತಿಯ ಮೊಮ್ಮಗಳು ಟ್ಯಾಬ್ ಹಿಡಿದು ಕೂತಿದ್ದಳು. ‘ನಿನ್ನ ಆಟದಿಂದಲೇ ಎಲ್ಲ ಹಾಳು!’ ಎಂದು ಗದರಿದೆ. ಮಾತಾಡದೆ ಟ್ಯಾಬ್ ಆರಿಸಿ ಹೋಗಿ ಮಲಗಿದಳು.

ಬೆಳಿಗ್ಗೆ ರೂಟರಿನ ಪುಟ ತೆರೆದು ನನ್ನನ್ನು ಕರೆದಳು. ಯಾವ ಸಾಧನ ಎಷ್ಟು ಬಳಸುತ್ತಿದೆ ಎಂಬ ಪಟ್ಟಿ ಅಲ್ಲಿತ್ತು. ಎಲ್ಲಕ್ಕಿಂತ ಮೇಲಿದ್ದದ್ದು ನನ್ನ ಫೋನ್! ಜಾತ್ರೆಯಲ್ಲಿ ತೆಗೆದ ವಿಡಿಯೋಗಳನ್ನು ಅದು ರಾತ್ರಿಯಿಡೀ ತನ್ನಷ್ಟಕ್ಕೆ ಕ್ಲೌಡಿಗೆ ಏರಿಸುತ್ತಿತ್ತು. ನಮ್ಮ ಸಂಪರ್ಕದಲ್ಲಿ ಇಳಿಸುವ ವೇಗ ಸೆಕೆಂಡಿಗೆ 20 ಮೆಗಾಬಿಟ್, ಏರಿಸುವುದು 4 ಮಾತ್ರ. ಅಕ್ಕನ ಕಡೆಗೆ ಹೊರಟ ನನ್ನ ಮಾತು ಆ ವಿಡಿಯೋಗಳ ಹಿಂದೆ ಸಾಲಿನಲ್ಲಿ ಸಿಕ್ಕಿಕೊಂಡಿತ್ತು.

‘ಅಜ್ಜಾ, ಮದುವೆ ಊಟದಲ್ಲಿ ಮೊದಲ ಪಂಕ್ತಿಗೆ ಯಾರನ್ನು ಕೂರಿಸ್ತಾರೆ?’

‘ವಯಸ್ಸಾದವರು, ಮಕ್ಕಳು, ಬಸ್ಸಿಗೆ ಹೊರಟವರು.’

‘ರೂಟರಿಗೂ ಅದನ್ನೇ ಕಲಿಸಬೇಕು.’

ಇದಕ್ಕೆ ‘ಕ್ವಾಲಿಟಿ ಆಫ್ ಸರ್ವಿಸ್’ ಎಂದು ಹೆಸರಂತೆ. ಕರೆಯಲ್ಲಿ ಮಾತು ಸಣ್ಣ ಸಣ್ಣ ತುಣುಕುಗಳಾಗಿ ಹೋಗುತ್ತದೆ. ಒಂದೊಂದರಲ್ಲಿ ಸುಮಾರು 20 ಮಿಲಿಸೆಕೆಂಡಿನ ದನಿ. ಫೋಟೋ ಅರ್ಧ ಗಂಟೆ ತಡವಾದರೂ ಕೆಡುವುದಿಲ್ಲ. ಮಾತಿನ ತುಣುಕು ತಡವಾದರೆ ಬಂದೂ ಪ್ರಯೋಜನವಿಲ್ಲ.

ನನ್ನ ಫೋನಿಗೇ ಮೊದಲ ಸ್ಥಾನ ಕೊಡು ಎಂದೆ. ‘ಆಗ ಜಾತ್ರೆಯ ವಿಡಿಯೋಗಳೂ ಜೊತೆಗೇ ನುಗ್ತಾವೆ’ ಎಂದು ನಕ್ಕಳು. ಸಾಧನ ನೋಡದೆ ಕೆಲಸ ನೋಡಿ ಸಾಲು ಮಾಡಿದಳು: ಮೊದಲು ಕರೆಗಳು, ಆಮೇಲೆ ಶಾಲೆಯ ಪಾಠ, ಕೊನೆಗೆ ಆಟ ಮತ್ತು ವಿಡಿಯೋ ಏರಿಸುವುದು. ಏರಿಸುವ ವೇಗವನ್ನು 4 ಎನ್ನದೆ 3.5 ಎಂದು ಬರೆದಳು. ಪೂರ್ತಿ ಬರೆದರೆ ಸಾಲು ನಮ್ಮ ರೂಟರಿನ ಆಚೆ ಬೆಳೆಯುತ್ತದೆ. ಅಲ್ಲಿ ನಮ್ಮ ಕ್ರಮ ನಡೆಯುವುದಿಲ್ಲ.

ವೇಗ ಒಂದಿಷ್ಟೂ ಹೆಚ್ಚಲಿಲ್ಲ. ಬಡಿಸುವ ಕ್ರಮ ಮಾತ್ರ ಬದಲಾಯಿತು.

ಅಂದು ರಾತ್ರಿ ಅಕ್ಕನಿಗೆ ಮತ್ತೆ ಹೇಳಿದೆ, ‘ಏನೂ ಆಗಲ್ಲ, ನಾನಿದೀನಿ.’

‘ಈಗ ಕೇಳಿಸ್ತು ನೋಡು’ ಎಂದು ಕಣ್ಣೊರೆಸಿಕೊಂಡಳು.

ಕರೆ ಮುಗಿದ ಮೇಲೆ ಮೊಮ್ಮಗಳ ಬಳಿ ಹೋಗಿ, ‘ತಪ್ಪು ನನ್ನದು ಪುಟ್ಟೀ’ ಎಂದೆ. ಈ ಮಾತು ಮಾತ್ರ ಒಂದು ದಿನ ತಡವಾಗಿತ್ತು. ಆದರೂ ಅವಳು ನಕ್ಕಳು.

ಅಕ್ಕ ಈಗ ಕೋಲೂರಿ ನಡೆಯುತ್ತಾಳೆ.